ತಿರುಗಬೇಡ, ತಂಗಿ

ಫಸ್ಟ್ ಶೋ ಬಿಟ್ಟಾಗ ಕಡಲು ಇಳಿದಿತ್ತು.
ಗೇಟಿನ ಬಳಿ ಆಗಲೇ ಎರಡು ಪಕ್ಷ.
"ಮುದುಕನಿಗೆ ಅರಳುಮರಳು" ಎಂದರು ಶೇಜವಾಡಕರ ಮಾಸ್ತರು,
ನಲವತ್ತೈದು ವರ್ಷ ಹಿಲ್ಲೂರರ ಒಂದು ಚಿತ್ರವನ್ನೂ ಬಿಡದವರು;
ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿದರು, ಸಿಟ್ಟಿಗೆ.
"ದೋಣಿಯ ಸಿನಿಮಾ ಮಾಡಿದ ಕೈಯಾ ಇದು?
ಒಂದು ಹನಿ ರಕ್ತ ತೋರಿಸದೆ ಅಳಿಸಿದ ಮನುಷ್ಯ
ಈಗ ಕರುಳು ಜಗಿಯುವವರ ಮೆರವಣಿಗೆ ಹೊರಡಿಸುತ್ತಾನಲ್ಲ!"

ಐಟಿಐ ಹುಡುಗರದು ಬೇರೆ ತಕರಾರು.
ಜಾಂಬಿ ಓಡಬೇಕಿತ್ತಂತೆ.
ಎಲ್ಲ ದೇಶದಲ್ಲೂ ಈಗ ಓಡುತ್ತವಂತೆ.
ಇವು ನಡೆಯುತ್ತವೆ,
ಬೈತಖೋಲದಿಂದ ಬುಟ್ಟಿ ಹೊತ್ತು ಬರುವವರ ಹಾಗೆ,
ಸೊಂಟ ಒಂದು ಕಡೆ, ಕತ್ತು ನೆಟ್ಟಗೆ.
ಟೆಂಪೋ ಹಾರ್ನ್ ಹೊಡೆದರೆ ಬದಿಗೆ ಸರಿಯುತ್ತವೆ ಬೇರೆ.
ಅಲ್ಲಿ ಇಡೀ ಥೇಟರು ನಕ್ಕಿತ್ತು. ನಾನೂ.

ಕಂಡಕ್ಟರ್ ಗಜಾನನ ಮೇಸ್ತ ಲೆಕ್ಕ ಹಿಡಿದ:
ಬಿಣಗಾದ ಸ್ಮಶಾನ ಬಿಟ್ಟದ್ದು ಆರಕ್ಕೆ,
ಕೋಡಿಬಾಗ ಮುಟ್ಟಿದ್ದು ಆರೂ ಹತ್ತಕ್ಕೆ.
"ನನ್ನ ಬಸ್ಸಿಗೇ ಆಗೂದಿಲ್ಲ ಮಾರಾಯಾ,
ಸತ್ತವರಿಗೆ ಎಲ್ಲಿಯ ಡೀಸೆಲ್ಲು?"

ಫಿಲೋಮಿನಾ ಶಿಲುಬೆ ಮಾಡಿಕೊಂಡು
"ಎಡದಿಂದ ಮೂರನೆಯವ ನಮ್ಮ ಪೆದ್ರುವಿನ ಹಾಗೇ ಇದ್ದ,
ಅದೇ ಚೆಕ್ಸ್ ಲುಂಗಿ" ಎಂದಳು.
ಪೆದ್ರು ಬೋಟಿನ ಜೊತೆ ಹೋಗಿ ಹನ್ನೊಂದು ವರ್ಷ.
ಮೇಸ್ತ ಬೀಡಿ ಆರಿಸಿದ.

ನನ್ನನ್ನು ಯಾರೂ ಕೇಳಲಿಲ್ಲ.
ದೋಣಿಯ ಸಿನಿಮಾದಲ್ಲಿ ನಾನಿದ್ದೇನೆ.
ಸೇತುವೆ ಇಲ್ಲದ ಕಾಲ, ಕಾಳಿಗೆ ತಾರಿಯೇ ಗತಿ,
ಹದಿನಾಲ್ಕರ ನಾನು, ತಲೆಯ ಮೇಲೆ ತಿಸ್ರೆಯ ಬುಟ್ಟಿ.
ಬೆನ್ನು ಮಾತ್ರ. ಏಳು ಸೆಕೆಂಡು.
"ತಿರುಗಬೇಡ, ತಂಗಿ" ಎಂದಿದ್ದರು ಹಿಲ್ಲೂರರು.
ತಿರುಗಲಿಲ್ಲ. ಎರಡು ರೂಪಾಯಿ, ಒಂದು ಗೋಲಿ ಸೋಡಾ.
ಮುಂದೆ ನೋಡಲು ಬಂದ ಗಂಡಿನ ಕಡೆಯವರಿಗೆ
ಅಪ್ಪ ಹೆಮ್ಮೆಯಿಂದ ಹೇಳಿದ, ಸಿನಿಮಾದಲ್ಲಿ ಮಾಡಿದವಳು ಎಂದು.
ಆ ಸಂಬಂಧ ಅಲ್ಲಿಗೇ ಮುರಿಯಿತು.

ಇವತ್ತು, ಇಂಟರ್ವಲ್ಲಿನ ಶೇಂಗಾ ಮುಗಿಯುವ ಹೊತ್ತಿಗೆ,
ಹೆಣಗಳು ಬಂದು ನಿಂತವು ಮುರಿದ ಸೇತುವೆಯ ತುದಿಗೆ.
ಮುಂದೆ ರಸ್ತೆಯಿಲ್ಲ. ಕೆಳಗೆ ಕಾಳಿ.
"ಹಾರ್ರೋ!" ಎಂದು ಕೂಗಿದರು ಹುಡುಗರು.
ಹಾರಲಿಲ್ಲ. ಪಾಳಿ ಹಿಡಿದವು.
ಕತ್ತಲಿನಿಂದ ತಾರಿ ಬಂತು, ಅದೇ ತಾರಿ,
ಅಂಬಿಗ ಕೈ ಚಾಚಿದ: "ಚಿಲ್ಲರೆ ಕೊಡಿ.
ಚಿಲ್ಲರೆ ಇಲ್ಲದವರು ವಾಪಸ್ ಹೋಗಿ ಬದುಕಿ."

ಸೀಟಿಯೋ ಸೀಟಿ. ಆ ಗದ್ದಲದಲ್ಲಿ
ಪಾಳಿಯ ಕೊನೆಗೆ ಒಬ್ಬಳು. ಬುಟ್ಟಿ. ಎಣ್ಣೆ ಹಚ್ಚಿದ ಎರಡು ಜಡೆ.
ಎಡ ಹಿಮ್ಮಡಿಗೆ ಸುತ್ತಿದ ಚಿಂದಿ.
ಆ ಗಾಯ ನನ್ನದು. ಶೂಟಿಂಗಿನ ಹಿಂದಿನ ದಿನ
ಸದಾಶಿವಗಡದ ಕೆಳಗೆ ಚಿಪ್ಪು ಕುಯ್ದದ್ದು.

ಹಳೇ ರೀಲನ್ನೇ ಕತ್ತರಿಸಿ ಅಂಟಿಸಿದರೋ,
ಬೇರೆ ಹುಡುಗಿಯ ಕಾಲಿಗೆ ನೆನಪಿನಿಂದ ಚಿಂದಿ ಕಟ್ಟಿಸಿದರೋ,
ಯಾವುದಕ್ಕೆ ಹೆಚ್ಚು ಹೆದರಬೇಕು, ತಿಳಿಯಲಿಲ್ಲ.
ಸತ್ತವರ ಸಾಲಿಗೆ ಸೇರಿಸುವ ಮೊದಲು
ಒಂದು ಮಾತು ಕೇಳಬಹುದಿತ್ತಲ್ಲ, ಪುಣ್ಯಾತ್ಮ?
ಹಾಗೆ ನೋಡಿದರೆ ಅವಳನ್ನು ಕಂಡು
ನನಗೂ ಎಷ್ಟು ಕಾಲವಾಯಿತು.

ಅವಳ ಕತ್ತು ಸ್ವಲ್ಪ ಅಲುಗಿತು.
ತಿರುಗುತ್ತಾಳೆ ಎನ್ನುವಷ್ಟರಲ್ಲಿ
ಫಿಲೋಮಿನಾ ನನ್ನ ತೋಳು ಹಿಡಿದೆಳೆದಳು, "ಪೆದ್ರು ಗೋ, ಪೆದ್ರು!"
ಮತ್ತೆ ನೋಡಿದರೆ ಬರೀ ನೀರು.

ಹಳೇ ರೀಲಾದರೆ ತಿರುಗಲಾರಳು.
ತಿರುಗಿದ್ದರೆ, ಯಾರ ಮುಖ?

ಟಿಕೆಟ್ ಕಿಟಕಿಯಲ್ಲಿ ಮಾಸ್ತರ ಕೊಡೆ ಅಡ್ಡ.
"ನಾಳೆ ಮ್ಯಾಟಿನಿಗೆ ಒಂದು ಕೊಡು.
ಸರಿಯಾಗಿ ಬಯ್ಯಬೇಕಾದರೆ ಇನ್ನೊಮ್ಮೆ ನೋಡಬೇಕಾಗ್ತದೆ."
ನಾನು ಎರಡು ಬೆರಳು ಎತ್ತಿದೆ.
ಹಿಂದಿನಿಂದ ಫಿಲೋಮಿನಾ ಇಣುಕಿದಳು:
"ಎಡಗಡೆಯ ಸೀಟು ಕೊಡಪ್ಪ. ಆದಷ್ಟೂ ಮುಂದೆ."