ಒತ್ತಕ್ಷರದ ಲೆಕ್ಕ

ಅಕ್ಷರಕ್ಕೆ ಮೂರು ರೂಪಾಯಿ.
ಒತ್ತಕ್ಷರಕ್ಕೆ ಬೇರೆ ದುಡ್ಡಿಲ್ಲ ಅನ್ನುತ್ತದೆ ಸಂಘ.
ವರ್ಷಾ ವರ್ಷಾ ಇದೇ ಜಗಳ.
‘ಅತ್ಯುತ್ತಮ’ದಲ್ಲೇ ಎರಡು ಒತ್ತು ಬರುತ್ತವೆ ಸ್ವಾಮಿ,
ಸೂಜಿ ಎರಡು ಸಲ ಹೆಚ್ಚಿಗೆ ಇಳಿಯಬೇಕು ಹಿತ್ತಾಳೆಗೆ
ಅಂದರೆ ಕಾರ್ಯದರ್ಶಿ ಪರಮೇಶಣ್ಣ ನಗುತ್ತಾರೆ:
‘ಹಂಗಾದ್ರೆ ಬರೀ ಉತ್ತಮ ಅಂತ ಕೆತ್ತು ಫಮೀದಾ,
ಒಂದು ಒತ್ತು ಉಳೀತದೆ.’

ಮಂಡಿಪೇಟೆಯ ಸಂದಿ, ಅಪ್ಪ ಬಿಟ್ಟುಹೋದ ಮಷಿನ್ನು, ಒಂದು ಸ್ಟೂಲು.
ಮದುವೆ ದಿನಗಳಲ್ಲಿ ಬಿಂದಿಗೆ ತಟ್ಟೆಗಳ ಮೇಲೆ ಸೋದರಮಾವಂದಿರ ಹೆಸರು.
ಡಿಸೆಂಬರಿನಲ್ಲಿ
ಆರ್ಕೆಸ್ಟ್ರಾ, ಬ್ಯಾಂಡ್‌ಸೆಟ್ ಹಾಗೂ ಧ್ವನಿಮುದ್ರಣ ಸಂಘದ
ಒಂಬತ್ತು ಫಲಕ.
ಊರಿಗೆಲ್ಲ ನಾಳೆ ರಾತ್ರಿ ತಿಳಿಯುವುದು
ನನಗೆ ಇವತ್ತು ಮಧ್ಯಾಹ್ನವೇ ಗೊತ್ತು. ತುಟಿ ಬಿಚ್ಚುವಂತಿಲ್ಲ.

ವರ್ಷದ ಕ್ಲಾರಿಯೊನೆಟ್, ಆನಗೋಡು ನಿಂಗರಾಜ.
(ನಿನ್ನೆ ಸುಮ್ಮನೆ ಬಂದು ಕೇಳಿದ್ದ,
‘ಅಕ್ಕಾ, ರಾಜಕ್ಕೆ ದೀರ್ಘ ಹಾಕ್ತೀಯಲ್ಲ?’
ಯಾವ ರಾಜಕ್ಕೆ ಅಂದೆ. ‘ಯಾವುದಕ್ಕೂ’ ಅಂದ.)
ವರ್ಷದ ಶಬ್ದ ಹೊಂದಾಣಿಕೆ, ಬಾಷಾ ನಗರದ ಇಮಾಮ್,
ಎಡಗಿವಿ ಕೇಳದವನು.
ವರ್ಷದ ಹೆಣ್ಣುದನಿ, ಕಕ್ಕರಗೊಳ್ಳದ ಹೂವಕ್ಕ.
ಈ ಮೂರಕ್ಷರ ಕೆತ್ತುವಾಗ ಮಷಿನ್ನು ಒಮ್ಮೆಯೂ ತೊದಲಲಿಲ್ಲ.

ರಾತ್ರಿ ಒಂಬತ್ತೂವರೆ. ಶಟರ್ ಅರ್ಧ ಇಳಿಸಿದ್ದೆ.
ಪರಮೇಶಣ್ಣ ಬಗ್ಗಿ ಒಳಗೆ ಬಂದರು. ನಗಲಿಲ್ಲ.
‘ಹೂವಕ್ಕ ಬ್ಯಾಡ. ವರ್ಷಿಣಿ ಅಂತ ಹಾಕು.
ಶಾಮಿಯಾನ, ಊಟ ಎಲ್ಲಾ ಅವರ ಕಡೇದು.’
ಎಣಿಸಿದೆ. ಇದಕ್ಕೂ ಮೂರೇ ಅಕ್ಷರ, ಒಂದೇ ಒತ್ತು.
‘ಒಂದೇ ಹೆಸರಿನ ಬಿಲ್ಲು ಬರಿ’ ಅಂದರು ಹೋಗುವಾಗ.

ತಗಡು ಮುಗಿದಿತ್ತು. ಪೇಟೆ ಮಲಗಿತ್ತು.
ಇದ್ದ ತಗಡನ್ನೇ ಮಗುಚಿದೆ.
ಹೂವಕ್ಕ ಮರದ ಕಡೆ ಮುಖ ಮಾಡಿದಳು,
ವರ್ಷಿಣಿ ದೀಪದ ಕಡೆ.
ನಾಲ್ಕು ಸ್ಕ್ರೂ.

ಮರುರಾತ್ರಿ ಕೊನೆಯ ಸಾಲಿನಲ್ಲಿ ಕೂತಿದ್ದೆ,
ಯಾರದ್ದಾದರೂ ಸಡಿಲಾದರೆ ಅಂತ ಪರ್ಸಿನಲ್ಲಿ ಸ್ಕ್ರೂಡ್ರೈವರ್.
ನಿಂಗರಾಜ ಫಲಕ ಇಸಕೊಂಡು ಮೊದಲು ದೀರ್ಘ ನೋಡಿದ.
ಮೈಕು ಕೀರಲು ಕೂಗಿದ್ದಕ್ಕೆ ಇಮಾಮ್
ವೇದಿಕೆ ಮೇಲಿಂದಲೇ ಹುಡುಗನಿಗೆ ಬೈದ,
ಅವನ ಭಾಷಣ ಅಷ್ಟೇ.
ಹೂವಕ್ಕ ಮೂರನೇ ಸಾಲು. ಯಾರೋ ಮೊದಲೇ ಹೇಳಿಬಿಟ್ಟಿರಬೇಕು,
ಹಸಿರು ಇಳಕಲ್, ಸೆರಗಿಗೆ ಪಿನ್ನು,
ಮುಷ್ಟಿಯಲ್ಲಿ ನಾಲ್ಕು ಮಡಿಕೆಯ ಚೀಟಿ.
‘ವರ್ಷದ ಹೆಣ್ಣುದನಿ...’ ಅನ್ನುವಾಗಲೇ ಅರ್ಧ ಎದ್ದಿದ್ದಳು.
‘ವರ್ಷಿಣಿ!’

ಎದ್ದವಳು ಕೂರಲಿಲ್ಲ.
ಪೂರಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು.
ಹಿಂದಿನವರಿಗೆ ವೇದಿಕೆ ಕಾಣಲಿಲ್ಲ, ಅವರೂ ಎದ್ದರು.
ಅವರ ಹಿಂದಿನವರು. ನಾನು.
‘ಸಭೆ ಎದ್ದು ನಿಂತು ಗೌರವಿಸಿತು’ ಅಂತ ಪೇಪರಿನಲ್ಲಿ ಬಂತು.

ಮೊನ್ನೆ, ಮೂರು ವರ್ಷದ ಮೇಲೆ, ವರ್ಷಿಣಿ ಬಂದಳು,
ಒಂದು ಕೈಲಿ ಹೆಲ್ಮೆಟ್ಟು, ಒಂದರಲ್ಲಿ ಫಲಕ.
‘ಕಪ್ಪಾಗೈತಿ, ತಿಕ್ಕಿ ಕೊಡ್ರಿ.’
ಸಂಜೆ ಬಾ ಅಂದೆ.
ಅಶೋಕ ಟಾಕೀಸ್ ಗೇಟು ಬಿದ್ದೈತಿ, ಎಲ್ಲಿಗೂ ಹೋಗೋಕಾಗಲ್ಲ ಅಂದಳು.
ಮಂಡಕ್ಕಿ ತರಿಸಿದೆ. ಚಾ ತರಿಸಿದೆ.
ಮೂರನೇ ಸ್ಕ್ರೂಗೆ ಬೇಕಂತಲೇ ತಡ ಮಾಡಿದೆ.
ಬೆರಳ ಕೆಳಗೆ ತಗಡು ತಾನೇ ತಿರುಗಿತು.

ಮರಕ್ಕೆ ಒತ್ತಿಕೊಂಡಿದ್ದ ಕಡೆಗೆ ಗಾಳಿ ತಾಗಿರಲಿಲ್ಲ,
ನಿನ್ನೆ ಕೆತ್ತಿದಂತೆ ಹೊಳೆಯುತ್ತಿತ್ತು.
ಓದಿದಳು. ಮಂಡಕ್ಕಿ ಕೈಯನ್ನು ಚೂಡಿದಾರಕ್ಕೆ ಒರೆಸಿ
ಮತ್ತೆ ಓದಿದಳು.
‘ಅವತ್ತು ಮೊದಲು ಎದ್ದೋರು ಅವರೇ.
ನನಗಂತ ತಿಳಕೊಂಡಿದ್ದೆ.’

ಯಾವ ಕಡೆ ಮುಂದೆ ಹಾಕಲಿ ಅಂದೆ.
ಹಾಕಬೇಡಿ ಅಂದಳು. ಮರ ಒಂದು ಚೀಲಕ್ಕೆ, ತಗಡು ಒಂದಕ್ಕೆ,
ನಾಲ್ಕು ಸ್ಕ್ರೂ ಕಾಗದದಲ್ಲಿ ಪೊಟ್ಟಣ.
ಪಾಲಿಶ್‌ಗೆ ನಲವತ್ತು ಇಟ್ಟು
ಒಂದು ಹೆಸರು ಕೆತ್ತೋಕೆ ಎಷ್ಟು ಅಂತ ಕೇಳಿದಳು,
ಇನ್ನೂ ಒಂಬತ್ತು ಎಣಿಸಿದಳು ಚಿಲ್ಲರೆಯಲ್ಲಿ.
‘ಕಾವತ್ತಿಗೆ?’
ಅದಕ್ಕೆ ದುಡ್ಡಿಲ್ಲಮ್ಮ ಅಂದೆ.

ಗೇಟು ಎತ್ತಿದ್ದರು. ಪೇಟೆಯಲ್ಲೆಲ್ಲ ಹಾರ್ನು.