ನಡಾವಳಿಗೆ ಸೇರದ್ದು

ನಾನು ಬರೆಯಬೇಕಾದದ್ದು ಇಷ್ಟು:
ಸಭೆ ಏಳಕ್ಕೆ ಶುರು. ಏಳು ಸದಸ್ಯರಲ್ಲಿ ಆರು ಮಂದಿ ಹಾಜರು.
ಕಡತ ಇಪ್ಪತ್ತಮೂರು, ಟೀಸ್‌ಡೇಲ್ ರಸ್ತೆಯ ಪೂರ್ವಕ್ಕೆ
ನಲವತ್ತೊಂದು ಮನೆ, ಎರಡು ತಿರುವು, ಒಂದು ಕೊಳ.
ಕೊಳವೆಂದರೆ ಮಳೆನೀರಿನ ಗುಂಡಿ; ನಕ್ಷೆಯಲ್ಲಿ ನೀಲಿ.

ಐಡಹೊದ ಈ ಕಣಿವೆಯಲ್ಲಿ ನವೆಂಬರ್ ಎಂದರೆ
ಬಾಗಿಲ ಬಳಿ ಬೂಟಿನ ಕೆಸರು,
ತಳ ಹಿಡಿದ ಕಾಫಿಯ ವಾಸನೆ.
ಅಧ್ಯಕ್ಷೆ ಲೊರೇನ್ ಟಿಬೆಟ್ಸ್ ಸುತ್ತಿಗೆ ಬಡಿಯುವುದಿಲ್ಲ,
ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾಳೆ.
ಸದ್ದಡಗುತ್ತದೆ.

ಬಿಲ್ಡರನ ಕಡೆಯ ಕಿಲ್‌ಪ್ಯಾಟ್ರಿಕ್
ಗೋಡೆಗೆ ಬೆಳಕು ಚೆಲ್ಲಿ ತೋರಿಸಿದ:
ನಡುವೆ ಉದ್ದಕ್ಕೂ ಹಸಿರು ಪಟ್ಟಿ, ನೂರಿಪ್ಪತ್ತೈದು ಅಡಿ ಅಗಲ.
ಉದ್ಯಾನ, ಎಂದ.
ಕಾಲುದಾರಿ, ಬೆಂಚು, ನಾಯಿಗಳಿಗೆ ಬಯಲು.
ಅವನ ನಕ್ಷೆಯಲ್ಲಿ ಕಂಬಗಳಿರಲಿಲ್ಲ.
ಕಂಬದ ನೆರಳೂ ಇರಲಿಲ್ಲ.

ವಿದ್ಯುತ್ ಕಂಪನಿಯ ಎಂಜಿನಿಯರ್ ಡಿಯೆಪ್ ವೊ ಎದ್ದು ನಿಂತಳು:
ಮರ ಹನ್ನೆರಡು ಅಡಿ ಮೀರಬಾರದು,
ತಂತಿಬೇಲಿಗೆ ಅರ್ಥಿಂಗ್ ಬೇಕು,
ಗಾಳಿಪಟ ಬೇಡ.
ಬೆಂಚು ಇಡಬಹುದೇ ಎಂದರೆ
"ಅರ್ಜಿ ಕೊಟ್ಟರೆ ಪರಿಶೀಲಿಸಬಹುದು."
ಅದರ ಮೇಲೆ ಕೂರಬಹುದೇ ಎಂದರೆ
"ನಿಷೇಧವೇನಿಲ್ಲ."
ಅಡ್ಡಗೋಡೆಯ ಮೇಲಿಟ್ಟ ದೀಪ,
ಎರಡೂ ಕೋಣೆಗೆ ಅರ್ಧರ್ಧ ಕತ್ತಲೆ.
ಬರೆದುಕೊಂಡೆ: ಕಂಪನಿಯ ಆಕ್ಷೇಪವಿಲ್ಲ, ಷರತ್ತುಗಳಿವೆ.

ಆಮೇಲೆ ಮಿರೆನ್ ಉರ್ರುತಿಯಾ. ಮಾರುವವಳು ಅವಳೇ.
ಬಾಸ್ಕ್ ನಾಡಿನಿಂದ ಕುರಿ ಕಾಯಲು ಬಂದ ಅಜ್ಜ
ಐವತ್ತೆರಡರಲ್ಲಿ, ನೂರಾ ಹತ್ತು ಡಾಲರಿಗೆ,
ತಂತಿಗೆ ದಾರಿ ಬರೆದುಕೊಟ್ಟಿದ್ದ.
ಆ ಪತ್ರ ತಂದಿದ್ದಳು, ಪ್ಲಾಸ್ಟಿಕ್ ಲಕೋಟೆಯಲ್ಲಿ:
ಹೋಗಲು, ಬರಲು, ಕಡಿಯಲು, ಸವರಲು, ಎಂದೆಂದಿಗೂ.
ಎಂದೆಂದಿಗೂ ಎಂಬುದರ ಕೆಳಗೆ
ಹೆಬ್ಬೆಟ್ಟಿಗಿಂತ ತುಸುವೇ ಮೇಲಾದ ರುಜು.
"ನೆಲ ನಮ್ಮದು, ಅನುಭೋಗ ಅವರದು," ಎಂದಳು,
"ತೆರಿಗೆ ಮಾತ್ರ ವರ್ಷವರ್ಷವೂ
ನಮ್ಮ ಬಾಗಿಲನ್ನೇ ಹುಡುಕಿಕೊಂಡು ಬಂತು."
ಕೆಲವರು ನಕ್ಕರು. ಅವಳು ನಗಲಿಲ್ಲ.
"ನನ್ನ ಮಂಡಿ ಹೋಗಿದೆ. ಕುರಿ ಹೋಗಿ ಒಂಬತ್ತು ವರ್ಷ.
ಇಲ್ಲಿ ಮನೆ ಬೇಡ ಅನ್ನುವವರೇ,
ನಿಮ್ಮ ಅಡುಗೆಮನೆಯಲ್ಲೂ
ನಮ್ಮ ಕುರಿ ಮೇದಿವೆ."
ಮೂರನೇ ಸಾಲಿನಲ್ಲಿ ಎರಡು ತಲೆ ತಗ್ಗಿದವು.
ಅದಕ್ಕೆ ಕಾಲಂ ಇಲ್ಲ.

ಕೊನೆಗೆ ಆರ್ವಿಡ್ ಸ್ಟೆನ್‌ಬರ್ಗ್, ವಿಜ್ಞಾನದ ಮೇಷ್ಟರಾಗಿದ್ದವರು,
ನಾಲ್ಕಡಿ ಟ್ಯೂಬ್‌ಲೈಟನ್ನು
ಎಳೆಗೂಸಿನ ಹಾಗೆ ಎತ್ತಿಕೊಂಡು ಬಂದರು.
"ಮೊನ್ನೆ ರಾತ್ರಿ ತಂತಿಯ ಕೆಳಗೆ ಹಿಡಿದು ನಿಂತೆ.
ಯಾವುದಕ್ಕೂ ಜೋಡಿಸಿರಲಿಲ್ಲ.
ಮಿಣುಕಿತು."
ಸಭೆಯಲ್ಲಿ ಎತ್ತಿ ತೋರಿಸಿದರು:
ಬಿಳಿ ಗಾಜು, ತುದಿಯಲ್ಲಿ ಕಪ್ಪು, ಅಷ್ಟೇ.
"ಅಪಾಯ ಅನ್ನುತ್ತೀರಾ?" ಲೊರೇನ್ ಕೇಳಿದಳು.
"ಅದು ನನಗೆ ಗೊತ್ತಿಲ್ಲ," ಎಂದರು ಮೇಷ್ಟರು,
"ಉದ್ಯಾನ ಅನ್ನಬೇಡಿ."
ಮೂರು ನಿಮಿಷದ ಗಂಟೆ ಹೊಡೆಯಿತು.

ಚರ್ಚೆ. ನೀರು ಕುಡಿಯುವ ಸದ್ದು. ತಿದ್ದುಪಡಿಗೆ ತಿದ್ದುಪಡಿ.
ನಾಲ್ಕಕ್ಕೆ ಎರಡು ಮತಗಳಿಂದ ತೀರ್ಮಾನ:
ಸದರಿ ಪಟ್ಟಿಯ ಅರ್ಧವನ್ನು ಮಾತ್ರ
ಉದ್ಯಾನವೆಂದು ಎಣಿಸತಕ್ಕದ್ದು.
ಯಾವ ಅರ್ಧ ಎಂದು
ಯಾರೂ ಕೇಳಲಿಲ್ಲ. ನಾನೂ.

ಕುರ್ಚಿ ಮಡಚಿಟ್ಟು ದೀಪವಾರಿಸುವಾಗ ನೋಡಿದೆ,
ಮೇಷ್ಟರು ಅದನ್ನು ಮೇಜಿನ ಮೇಲೇ ಬಿಟ್ಟುಹೋಗಿದ್ದರು.
ದಾಖಲೆ ಸಂಖ್ಯೆ ಒಂಬತ್ತು ಎಂದು ಚೀಟಿ ಅಂಟಿಸಿದೆ.
ಯಾವ ಪೆಟ್ಟಿಗೆಗೂ ಹಿಡಿಸಲಿಲ್ಲ, ಬೀರುವಿಗೂ ಉದ್ದ.
ಕಾರಿನ ಹಿಂದಿನ ಸೀಟಿಗೆ ಓರೆಯಾಗಿ ಒರಗಿಸಿದೆ.

ಮನೆಯ ದಾರಿ ತಂತಿಯ ಕೆಳಗೇ ಹಾಯುತ್ತದೆ.
ಹನಿಯುತ್ತಿತ್ತು, ಮೇಲೆ ಜೇನು ಎದ್ದ ಹಾಗೆ ಗುಂಯ್ ಎನ್ನುತ್ತಿತ್ತು.
ಸ್ಟಿಯರಿಂಗ್ ಮೇಲೆ ನನ್ನ ಬೆರಳ ಗೆಣ್ಣುಗಳು
ಒಂದು ಗಳಿಗೆ
ಕಂಡವೋ, ಕಾಣಲಿಲ್ಲವೋ.
ಕನ್ನಡಿ ನೋಡಲಿಲ್ಲ.
ಬೆಳಿಗ್ಗೆಯೊಳಗೆ ನಡಾವಳಿ ಮುಗಿಸಬೇಕಿತ್ತು.