ಎರಡನೆಯ ಗೆರೆ

ರಿಯೋನಿ ಹೊಳೆಯ ಸೇತುವೆ ಕೆಳಗೆ
ಬಿಳಿ ವ್ಯಾನು. ಹಿಂಬಾಗಿಲು ತೆರೆದರೆ
ಎರಡು ಸ್ಟೂಲು, ಒಂದು ಫ್ಲಾಸ್ಕು, ನರ್ಸ್ ಕೇತೋ, ನಾನು.

ಮಾಲ್ಖಾಜ್ ಮೂರು ದಿನ ದೂರದಲ್ಲೇ ನಿಂತಿದ್ದ,
ಹೊಳೆ ನೋಡುವವನ ಹಾಗೆ.
ಇವತ್ತು ಬಂದ. 'ಗಮರ್ಜೋಬ' ಎಂದ.
ಕುತೈಸಿಯಲ್ಲಿ ಎದುರಾದವರಿಗೆಲ್ಲ ನಾವು ಅನ್ನುವುದು ಅದನ್ನೇ:
ಗೆಲುವು.
ಯಾರು ಯಾರನ್ನು ಗೆದ್ದರೋ, ಯಾರೂ ಕೇಳುವುದಿಲ್ಲ.

ಬೆರಳು ಚುಚ್ಚುವಾಗ ಮುಖ ಆಚೆ ತಿರುಗಿಸಿದ,
ಇಪ್ಪತ್ತು ವರ್ಷ ತನ್ನ ತೋಳಿಗೆ ತಾನೇ ಚುಚ್ಚಿಕೊಂಡವನು.
'ಬೇರೆಯವರ ಕೈಯ ಸೂಜಿ ಅಂದರೆ ಭಯ, ತ್ಸಿಯಾಲ.'
ನಗಬಾರದಿತ್ತು. ನಕ್ಕೆ.

ಪಟ್ಟಿಯ ಮೇಲೆ ಒಂದು ಹನಿ.
ಇನ್ನು ಇಪ್ಪತ್ತು ನಿಮಿಷ.
ನನಗೆ ಸಂಬಳ ಈ ಇಪ್ಪತ್ತು ನಿಮಿಷಕ್ಕೇ ಅಂತ ನನ್ನ ಲೆಕ್ಕ.

'ಸೂಜಿ ಯಾರದ್ದೂ ಮುಟ್ಟಿಲ್ಲ,' ಅಂದ.
ಚಮಚ?
ಸುಮ್ಮನಾದ.
ಹತ್ತಿ? ಕದಡಿದ ನೀರು?
ಎಂಜಲು ಬರೀ ಬಾಯಿಗಲ್ಲ, ಮಾಲ್ಖಾಜ್,
ರಕ್ತಕ್ಕೂ ಎಂಜಲುಂಟು;
ಕಣ್ಣಿಗೆ ಕಾಣದಷ್ಟು, ಚಮಚದ ಅಂಚಿಗೆ ಸಾಕಾಗುವಷ್ಟು.

ಬೆರಳು ಮಡಚಿ ಎಣಿಸತೊಡಗಿದ:
ಗೇಲಾ. ಗೇಲಾನ ಹೆಂಡತಿ. ಸತ್ತ ಬಾದ್ರಿ.
ಆಮೇಲೆ ಅಂಗೈಯನ್ನು ತೊಡೆ ಕೆಳಗೆ ಬಚ್ಚಿಟ್ಟುಕೊಂಡ.

ಎರಡನೆಯ ಗೆರೆ ಮೂಡಿತು,
ಮಂಜು ಕೂತ ಗಾಜಿನ ಮೇಲೆ
ಯಾರೋ ಉಗುರಲ್ಲಿ ಎಳೆದಂತೆ, ತೆಳ್ಳಗೆ.

ಹೇಳಬೇಕಾದ್ದನ್ನು ಹೇಳಿದೆ.
ಇದು ವೈರಸ್ಸು ಒಮ್ಮೆ ಹೊಸಿಲು ದಾಟಿದ ಗುರುತು;
ಹೊರಟುಹೋಯಿತೋ, ಒಳಗೇ ಕೂತಿದೆಯೋ
ಇದಕ್ಕೆ ಗೊತ್ತಿಲ್ಲ.
ಅದಕ್ಕೆ ಇನ್ನೊಂದು ಪರೀಕ್ಷೆ, ನರದಿಂದ ರಕ್ತ.
ಇದ್ದರೆ ಮಾತ್ರೆ, ಮೂರು ತಿಂಗಳು. ವಾಸಿಯಾಗುತ್ತದೆ.
ನನ್ನದು ಆಯಿತು.

'ವಾಸಿ' ಎಂಬ ಮಾತನ್ನು
ಸಂತೆಯಲ್ಲಿ ಸಿಕ್ಕ ಚಿಲ್ಲರೆಯ ಹಾಗೆ
ತಿರುವಿ ತಿರುವಿ ನೋಡಿದ, ಖೋಟಾ ಇರಬಹುದೆಂದು.

'ಮತ್ತೆ ಬರಬಹುದಾ?'
ಬರಬಹುದು. ಚಮಚ ಬೇರೆ ಇಟ್ಟುಕೋ, ನೀರು ಬೇರೆ. ತಗೋ, ಈ ಪೊಟ್ಟಣ.
ಬಿಟ್ಟುಬಿಡು ಅಂತ ನಾನು ಹೇಳಲಿಲ್ಲ.
ಅದಕ್ಕೇ ಕಾಯುತ್ತಿದ್ದ ಅವನು,
ಏಟಿಗೆ ಬೆನ್ನು ಬಾಗಿಸಿ ಕೂತವನಂತೆ.

ಕೇತೋಗೆ ನರ ಸಿಗಲಿಲ್ಲ.
ಎಡಗೈ, ಬಲಗೈ, ಎಲ್ಲ ಬತ್ತಿದ ತೊರೆ.
'ತಡಿ,' ಎಂದ ಮೆತ್ತಗೆ, 'ಎಲ್ಲಿ ಅಡಗಿದೆ, ನನಗೆ ಗೊತ್ತು.'
ಹೆಬ್ಬೆರಳ ಬುಡದಲ್ಲಿ ತಟ್ಟಿ, ತಟ್ಟಿ
ಒಂದು ನೀಲಿ ಎಳೆಯನ್ನು ಎಬ್ಬಿಸಿದ,
ಶಾಲೆಗೆ ಹೊತ್ತಾದ ಮಗುವನ್ನು ಎಬ್ಬಿಸುವ ಹಾಗೆ.

ಕೊಳವೆ ತುಂಬಿತು. ಹೆಸರು ಬರೆದೆ.
ಇಳಿದು ಹೋಗುವಾಗ ಹೇಳಿದ:
'ನಾಳೆ ಗೇಲಾನನ್ನು ಕಳಿಸುತ್ತೇನೆ.
ಹೊಳೆ ನೋಡುತ್ತ ನಿಂತರೆ
ನೀನೇ ಕರಿ.'